ಹೆಂಡತಿಯನ್ನು ಮದುವೆಯಾಗಲು ಅನುಮತಿ ಕೋರಿ

ನಮ್ಮ ಭಾವನವರು ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಗಲು ಸರ್ಕಾರದ ಅನುಮತಿ ಕೇಳಿದರು. ಹುಡುಗಿಯ ವಯಸ್ಸು ಇಪ್ಪತ್ತಮೂರು, ಉದ್ಯೋಗ ಟೈಪಿಸ್ಟ್. ಈ ಎರಡು ಸಂಗತಿಗಳೂ ಅರ್ಜಿಯಲ್ಲಿ ಅವರದೇ ದುಂಡು ಅಕ್ಷರದಲ್ಲಿ ಸ್ಪಷ್ಟವಾಗಿ ಇದ್ದವು. ಹುಡುಗಿ ಬೇರೆ ಯಾರೂ ಅಲ್ಲ, ನನ್ನ ಅಕ್ಕ. ಅವರ ಜೊತೆ ಆಗಲೇ ಮೂವತ್ತು ಚಿಲ್ಲರೆ ವರ್ಷ ಸಂಸಾರ ಮಾಡಿದವಳು. ಈ ಮೂರನೆಯ ಸಂಗತಿಯನ್ನು ಬರೆಯಲು ಅರ್ಜಿಯ ನಮೂನೆಯಲ್ಲಿ ಜಾಗವಿರಲಿಲ್ಲ. ನಮೂನೆಯಲ್ಲಿ ಜಾಗವಿಲ್ಲದ್ದನ್ನು ಬರೆಯುವ ಜಾಯಮಾನ ಭಾವನವರದಲ್ಲ.

ಅವರು ನಮ್ಮೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಹೆಡ್ ಕ್ಲಾರ್ಕ್. ಆ ಕಚೇರಿಯ ಎದುರಿಗೇ ನನ್ನ ಕನ್ನಡಕದ ಅಂಗಡಿ. ಕಡತ ಓದಿ ಓದಿ ಕಣ್ಣು ಕೆಡಿಸಿಕೊಂಡ ಗುಮಾಸ್ತರೇ ನನ್ನ ಅನ್ನದಾತರು. ಹಾಗಾಗಿ ಒಳಗೆ ನಡೆಯುವುದೆಲ್ಲ ಸಂಜೆಯೊಳಗೆ ನನಗೆ ತಲುಪುತ್ತಿತ್ತು. ಇಡೀ ಕಚೇರಿ ಭಾವನವರನ್ನು ‘ಉಪನಿಯಮ’ ಎಂದು ಕರೆಯುತ್ತದೆ ಎಂಬುದೂ ನನಗೆ ಹಾಗೆಯೇ ಗೊತ್ತಾದದ್ದು. ಜವಾನ ರಜೆ ಕೇಳಿದರೂ ಇವರು ಮೊದಲು ನಿಯಮ ಹೇಳಿ, ಆಮೇಲೆ ಉಪನಿಯಮ ಹೇಳಿ, ಕೊನೆಗೆ ಅವನ ಜ್ವರ ಯಾವುದರ ಕೆಳಗೆ ಬರುತ್ತದೆ ಎಂದು ನಿರ್ಧರಿಸುತ್ತಿದ್ದರು. ಅಷ್ಟರಲ್ಲಿ ಜ್ವರ ಇಳಿದಿರುತ್ತಿತ್ತು.

ಆ ಕಟ್ಟಡ ಈಗಲೂ ಇದೆ, ಒಳಗೆ ಹೋದರೆ ಮಾತ್ರ ಗುರುತು ಸಿಗುವುದಿಲ್ಲ. ಆಗೆಲ್ಲ ಉದ್ದನೆಯ ಪಡಸಾಲೆ, ಆನೆ ನುಗ್ಗುವಷ್ಟು ಎತ್ತರದ ಬಾಗಿಲುಗಳು, ಮೂಲೆಗೊಂದು ನೀರಿನ ಹೂಜಿ, ಕೆಂಪು ದಾರ ಕಟ್ಟಿದ ಕಡತಗಳ ಗುಡ್ಡೆ. ಹಿಂದಿನ ಹಜಾರದಲ್ಲಿ ಟೈಪ್‌ರೈಟರುಗಳ ಸಾಲು. ಮಧ್ಯಾಹ್ನ ಊಟವಾದ ಮೇಲೆ ಎಲ್ಲ ಒಟ್ಟಿಗೆ ಶುರುವಾದರೆ, ಬಾಣಲೆಯಲ್ಲಿ ಕಾಳು ಹುರಿದ ಹಾಗೆ ಸದ್ದು ರಸ್ತೆ ದಾಟಿ ನನ್ನ ಅಂಗಡಿಯವರೆಗೂ ಬರುತ್ತಿತ್ತು. ಆ ಸದ್ದು ಕೇಳುತ್ತ ನಾನು ಎಷ್ಟೋ ಮಧ್ಯಾಹ್ನ ಕೂತಲ್ಲೇ ತೂಕಡಿಸಿದ್ದೇನೆ. ಈಗ ಅಲ್ಲಿ ಕಂಪ್ಯೂಟರುಗಳು ಮೌನವಾಗಿ ಕೆಲಸ ಮಾಡುತ್ತವೆ, ನನಗೆ ನಿದ್ದೆಯೇ ಬರುವುದಿಲ್ಲ.

ಕಂಪ್ಯೂಟರು ಬಂದ ಇಂಥ ಕಾಲದಲ್ಲಿ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿ, ನೌಕರರ ಸೇವಾ ನಿಯಮಗಳಲ್ಲಿ ಕಾಲ ಮೀರಿದವನ್ನೆಲ್ಲ ಕಿತ್ತುಹಾಕಲು ಹೊರಟಿತು. ರದ್ದಾಗುವ ನಿಯಮಗಳನ್ನು ಕಚೇರಿಗಳಿಗೆ ಕಳಿಸಿ, ಬರುವ ಶುಕ್ರವಾರ ಕಚೇರಿ ಮುಚ್ಚುವ ಹೊತ್ತಿಗೆ ಇವೆಲ್ಲ ಸತ್ತಂತೆ ಎಂದು ತಿಳಿಸಿತು. ಬೇರೆಯವರು ಅದನ್ನು ನೋಡಿ ನಕ್ಕು ಟೀ ಕುಡಿದರು. ಭಾವನವರು ಮನೆಗೆ ತಂದು, ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೂ ಗಟ್ಟಿಯಾಗಿ ಓದಿ ಕಣ್ಣೀರು ಒರೆಸಿಕೊಂಡರು.

“ಕುದುರೆ ನಿಯಮ ಹೋಯ್ತು ಕಣಯ್ಯಾ,” ಎಂದರು, ಅವತ್ತು ಅಲ್ಲೇ ಊಟಕ್ಕೆ ಕೂತಿದ್ದ ನನ್ನ ಕಡೆ ತಿರುಗಿ. ಕುದುರೆಯ ಮೇಲೆ ಕಚೇರಿಗೆ ಬರುವ ನೌಕರನು ಅದನ್ನು ಮೇಲಧಿಕಾರಿಗಳ ಕಿಟಕಿಯ ಎದುರು ಕಟ್ಟತಕ್ಕದ್ದಲ್ಲ ಎಂಬುದು ಆ ನಿಯಮ.

“ಭಾವ, ನಿಮ್ಮ ಹತ್ರ ಕುದುರೆ ಇರ್ಲೇ ಇಲ್ವಲ್ಲ.”

“ಇರ್ಲಿಲ್ಲ ಅನ್ನೋದು ಬೇರೆ ಮಾತು. ಇದ್ದಿದ್ರೆ ಎಲ್ಲಿ ಕಟ್ಟಬಾರ್ದು ಅಂತ ಗೊತ್ತಿತ್ತಲ್ಲ! ಇನ್ಮೇಲೆ ಬರೋ ಹುಡುಗರಿಗೆ ಏನು ಗೊತ್ತಿರುತ್ತೆ?”

ಸಂಜೆ ಕೆಲಸಕ್ಕೆ ಕೊಟ್ಟ ಮೇಣದಬತ್ತಿಯ ಉಳಿದ ತುಂಡನ್ನು ಹಿಂದಿರುಗಿಸುವ ನಿಯಮ ಹೋಯಿತು. ಕಿರಿಯ ಗುಮಾಸ್ತ ಹಿರಿಯ ಗುಮಾಸ್ತನ ಮುಂದೆ ಕೊಡೆ ಬಿಚ್ಚಿಕೊಂಡು ನಡೆಯಬಾರದೆಂಬ ನಿಯಮ ಹೋಯಿತು. ಈ ಕೊಡೆ ನಿಯಮವನ್ನು ಪಾಲಿಸಲು ಹೋಗಿ ಭಾವನವರು ಪ್ರಾಯದಲ್ಲಿ ಒಂದು ಇಡೀ ಮಳೆಗಾಲ ನೆಂದು, ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದರು. ಆದರೂ ಅದು ಹೋದದ್ದಕ್ಕೆ ಅವರಿಗಾದ ಸಂಕಟ ಅಷ್ಟಿಷ್ಟಲ್ಲ. ನಿಯಮಗಳ ಹೆಸರಿನಲ್ಲಿ ಅವರು ಅಳುತ್ತಿದ್ದುದು ತಮ್ಮ ಪ್ರಾಯಕ್ಕೆ ಎಂದು ನನಗೆ ಆಗ ಹೊಳೆಯಲಿಲ್ಲ. ‘ಇವರಿಗೆ ತಲೆ ಕೆಟ್ಟಿದೆ’ ಎಂದುಕೊಂಡು ಅನ್ನ ಕಲಸಿದೆ.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಭಾವನವರು ಒಳಗೆ ನುಗ್ಗಿ ಕುರ್ಚಿಯ ಮೇಲೆ ಕುಸಿದರು. ಮುಖ ಬಿಳಿಚಿಕೊಂಡಿತ್ತು. ಆದೇಶದಲ್ಲಿ ರಾತ್ರಿ ಓದಿ ದಾಟಿಹೋಗಿದ್ದ ಒಂದು ಸಾಲಿನ ಮೇಲೆ ಬೆರಳನ್ನು ಒತ್ತಿ ಹಿಡಿದಿದ್ದರು. ‘ವಿವಾಹವಾಗಲಿಚ್ಛಿಸುವ ನೌಕರನು ಕಚೇರಿ ಮುಖ್ಯಸ್ಥರ ಪೂರ್ವಾನುಮತಿಯನ್ನು ಲಿಖಿತವಾಗಿ ಪಡೆಯತಕ್ಕದ್ದು.’

“ನಾನು ಪಡೀಲಿಲ್ಲ,” ಎಂದರು.

“ಏನನ್ನ?”

“ಅನುಮತಿ. ನಿನ್ನ ಅಕ್ಕನ್ನ ಮದುವೆ ಆಗೋಕೆ.”

ಕಥೆ ಹೀಗೆ. ಆಗಿನ ಸಾಹೇಬರು ದಢೂತಿ ಮನುಷ್ಯ, ಬಲು ಒಳ್ಳೆಯವರು. ಭಾವನವರು ಅರ್ಜಿ ಬರೆದುಕೊಂಡು ಹೋದ ದಿನವೇ ಅವರಿಗೆ ವರ್ಗವಾಗಿತ್ತು. ಸಾಮಾನು ತುಂಬಿದ ಕಾರು ಹೊರಟಿತ್ತು. ಭಾವನವರು ಪಕ್ಕದಲ್ಲೇ ಓಡುತ್ತ ಕಿಟಕಿಯಲ್ಲಿ ಅರ್ಜಿ ಒಡ್ಡಿದರು. ಸಾಹೇಬರು ಅದನ್ನು ಇಸಿದುಕೊಂಡು, “ಆಗಲಪ್ಪ, ಆಗು, ಸುಖವಾಗಿರು!” ಎಂದು ಅದರಲ್ಲೇ ಗಾಳಿ ಹಾಕಿಕೊಳ್ಳುತ್ತ ಹೊರಟುಹೋದರು. ಹೊಸ ಸಾಹೇಬರು ಬರುವಷ್ಟರಲ್ಲಿ ಮದುವೆ ಮುಗಿದು, ಹೊಸ ಸಂಸಾರದ ಸಡಗರದಲ್ಲಿ ಭಾವನವರು ಜೀವಮಾನದಲ್ಲಿ ಮೊದಲ ಬಾರಿ ಒಂದು ನಿಯಮವನ್ನು ಮರೆತಿದ್ದರು.

“ಆದ್ರೆ ಈಗ ನಿಯಮಾನೇ ಹೋಗ್ತಿದೆಯಲ್ಲ ಭಾವ. ಪೀಡೆ ಕಳೀತು ಅನ್ನಿ.”

ಅವರು ನನ್ನನ್ನು ಎಳೆಮಗುವನ್ನು ನೋಡಿದಂತೆ ನೋಡಿದರು. ಆಮೇಲೆ ಆದೇಶದ ಕಟ್ಟಕಡೆಯ ಸಾಲು ಓದಿದರು. ‘ಈ ರದ್ದತಿಯು, ರದ್ದತಿಗೆ ಮುಂಚೆ ಮಾಡಲಾದ ಅಥವಾ ಮಾಡದೆ ಬಿಡಲಾದ ಯಾವುದೇ ಕಾರ್ಯವನ್ನು ಬಾಧಿಸತಕ್ಕದ್ದಲ್ಲ.’

“ಅರ್ಥ ಆಯ್ತಾ? ನಾನು ಮಾಡದೆ ಬಿಟ್ಟಿದ್ದು ಹಾಗೇ ಉಳಿಯುತ್ತೆ. ಅದನ್ನ ಸರಿ ಮಾಡೋ ಅಧಿಕಾರ ಮಾತ್ರ ಶುಕ್ರವಾರ ಸಾಯುತ್ತೆ. ಆಮೇಲೆ ಸರ್ಕಾರಾನೇ ಬಂದು ಕೈ ಮುಗಿದರೂ ಯಾರೂ ನನಗೆ ಅನುಮತಿ ಕೊಡೋಕಾಗಲ್ಲ. ನಾನೂ ನಿನ್ನ ಅಕ್ಕನೂ ಸಾಯೋವರೆಗೂ ಸರಿಯಾಗಿ ಮದುವೆಯಾಗದವರೇ!”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗಬಾರದಿತ್ತು, ಏಕೆಂದರೆ ಅದರಿಂದ ರೇಗಿ ಅವರು ನೆಟ್ಟಗೆ ಕಚೇರಿಗೆ ಹೋಗಿ ಅರ್ಜಿ ಬರೆದುಬಿಟ್ಟರು. ಹಳೆಯ ನಮೂನೆಯಲ್ಲಿ ‘ವಿವಾಹವಾಗಲು ಇಚ್ಛಿಸುತ್ತೇನೆ’ ಎಂದಿತ್ತು, ಹಾಗೆಯೇ ಬರೆದರು. ‘ವಿವಾಹದ ದಿನಾಂಕಕ್ಕೆ ವಧುವಿನ ವಯಸ್ಸು’ ಎಂದಿತ್ತು, ಇಪ್ಪತ್ತಮೂರು ಎಂದು ಬರೆದರು. ಹೆಸರಿನ ಜಾಗದಲ್ಲಿ ಅಕ್ಕನ ತವರಿನ ಹೆಸರು, ಉದ್ಯೋಗದ ಜಾಗದಲ್ಲಿ ಟೈಪಿಸ್ಟ್, ಇದೇ ಕಚೇರಿ. ಆ ಕಾಲಕ್ಕೆ ಅವಳು ಅಲ್ಲಿ ಟೈಪಿಸ್ಟೇ ಆಗಿದ್ದಳು. ಒಂದಕ್ಷರ ಸುಳ್ಳಿರಲಿಲ್ಲ.

ಅರ್ಜಿ ಮೊದಲು ಹೋದದ್ದು ಟಪಾಲು ಗುಮಾಸ್ತನ ಕೈಗೆ. ಅವನು ಓದಿದ, ಕನ್ನಡಕ ತೆಗೆದು ಒರೆಸಿದ, ಮತ್ತೆ ಓದಿದ. ಆ ಕನ್ನಡಕ ನನ್ನ ಅಂಗಡಿಯದು, ಅದರಲ್ಲಿ ದೋಷವಿರಲಿಲ್ಲ ಎಂದು ಎಲ್ಲಿ ಬೇಕಾದರೂ ಪ್ರಮಾಣ ಮಾಡುತ್ತೇನೆ. ಅಲ್ಲಿಂದ ಅರ್ಜಿ ಮೇಜಿನಿಂದ ಮೇಜಿಗೆ ಹೊರಟಿತು. ಸರ್ಕಾರಿ ಪದ್ಧತಿಯಂತೆ ಪ್ರತಿ ಮೇಜಿನವರೂ ಒಂದೊಂದು ಟಿಪ್ಪಣಿ ಸೇರಿಸಿದರು. ‘ವಯಸ್ಸಿನ ಅಂತರವನ್ನು ಗಮನಿಸಬಹುದು’ ಎಂದು ಒಬ್ಬರು. ‘ಹಾಲಿ ಪತ್ನಿಯ ವಿಷಯದಲ್ಲಿ ಕಡತವು ಮೌನವಾಗಿದೆ’ ಎಂದು ಇನ್ನೊಬ್ಬರು. ‘ಸದರಿ ಟೈಪಿಸ್ಟ್ ಯಾರೆಂದು ಪತ್ತೆ ಹಚ್ಚಲು ಕೋರಿದೆ’ ಎಂದು ಮತ್ತೊಬ್ಬ ಬ್ರಹ್ಮಚಾರಿ.

ಮಧ್ಯಾಹ್ನದ ಟೀ ಹೊತ್ತಿಗೆ ಭಾವನವರ ಸುತ್ತ ಗುಂಪು ಕೂಡಿತು. ತಾವು ಸಿಕ್ಕಿಕೊಂಡ ನಿಯಮದ ಇಕ್ಕಟ್ಟಿಗೆ ಎಲ್ಲರೂ ಮರುಗುತ್ತಿದ್ದಾರೆಂದು ತಿಳಿದು ಅವರು ಬಲು ವಿನಯದಿಂದ ಉತ್ತರ ಕೊಟ್ಟರು.

“ಸಾರ್, ಈ ವಯಸ್ಸಲ್ಲಿ?” ಎಂದ ಟಪಾಲು ಗುಮಾಸ್ತ.

“ಏನ್ಮಾಡೋದಪ್ಪಾ, ತಡ ಆಗೋಯ್ತು. ರಿಟೈರ್ ಆಗೋಕೆ ಮುಂಚೆ ಇದೊಂದು ಮುಗಿಸಿಬಿಡೋಣ ಅಂತ.”

“ಮನೇಲಿ ಅಕ್ಕೋರಿಗೆ ಗೊತ್ತಾ?”

“ಛೆ, ಛೆ, ಹೇಳಿಲ್ಲ. ಪಾಪ, ನೊಂದ್ಕೋತಾಳೆ. ಅನುಮತಿ ಕೈಗೆ ಬರ್ಲಿ, ಆಮೇಲೆ ನಿಧಾನವಾಗಿ ಹೇಳ್ತೀನಿ.”

“ಹುಡುಗಿ ಒಪ್ಪಿದಾಳಾ ಸಾರ್?”

“ಅವಳದೇನು! ಅವಳು ಯಾವತ್ತೋ ಒಪ್ಪಿಯಾಗಿದೆ.”

ಗುಂಪು ಸುಮ್ಮನೆ ಚದುರಿತು. ಹೆಣ್ಣುಮಕ್ಕಳೆಲ್ಲ ತಮ್ಮ ಕುರ್ಚಿಗಳನ್ನು ಗೋಡೆಯ ಕಡೆಗೆ ಎಳೆದುಕೊಂಡರು. ಒಬ್ಬ ಪಡ್ಡೆ ಗುಮಾಸ್ತ ಸಂಜೆ ಬಂದು ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣದ ಸೀಸೆಯನ್ನು ಮೇಜಿನ ಮೇಲಿಟ್ಟು, “ಒಳ್ಳೇದಾಗ್ಲಿ ಸಾರ್,” ಎಂದು ಕೈಕುಲುಕಿ ಹೋದ. ಭಾವನವರು ಅದನ್ನು ಹೊಸ ಬಗೆಯ ಶಾಯಿ ಎಂದು ತಿಳಿದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ನನ್ನ ಅಂಗಡಿಗೆ ಸುದ್ದಿ ಬಂದಾಗ ನಾನು ನಿಜ ಹೇಳಲು ಹೋದೆ. “ಅದು ನಮ್ಮ ಅಕ್ಕಾನೇ ಕಣ್ರೀ, ಬೇರೆ ಯಾರೂ ಅಲ್ಲ,” ಎಂದೆ. ಎದುರಿಗಿದ್ದವರು ನನ್ನ ಭುಜ ತಟ್ಟಿ, “ನಿಮ್ಮ ಸಂಕಟ ಅರ್ಥ ಆಗುತ್ತೆ, ಮನೆ ಮಾನ ಉಳಿಸ್ಬೇಕಲ್ಲ,” ಎಂದು ನಿಟ್ಟುಸಿರು ಬಿಟ್ಟರು. ಇನ್ನೊಬ್ಬನಂತೂ, “ಎಂಥಾ ತಮ್ಮ!” ಎಂದು ಕಣ್ಣಲ್ಲಿ ನೀರು ತಂದುಕೊಂಡ. ನಾನು ಅಂಗಡಿಗೆ ಬೀಗ ಜಡಿದು ಅಕ್ಕನ ಮನೆಗೆ ಓಡಿದೆ.

ಹೋಗುವಷ್ಟರಲ್ಲಿ ಮಹಡಿಯ ಮನೆಯಾಕೆ ಅಲ್ಲಿಗೆ ಬಂದಾಗಿತ್ತು. ಈಕೆ ಅದೇ ಟಪಾಲು ಗುಮಾಸ್ತನ ಹೆಂಡತಿ. ಟಪಾಲು ತಡವಾದರೂ ಈಕೆ ತಡವಾದವಳಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು:

“ಟೈಪಿಸ್ಟ್ ಅಂತೆ ಕಣ್ರೀ. ಇಪ್ಪತ್ತಮೂರು ವರ್ಷವಂತೆ. ಹೇಗೆ ಹೇಳ್ಲಿ, ನಾಲಿಗೇನೇ ಬರ್ತಿಲ್ಲ.”

ಅಕ್ಕ ಒಲೆ ಸಣ್ಣಗೆ ಮಾಡಿದಳು. “ಹೆಸರೇನಂತೆ?”

ಆಕೆ ಹೆಸರು ಹೇಳಿದಳು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಅಪ್ಪ ಇಟ್ಟ ಹೆಸರು ಅದು. ಭಾವನವರು ಅಕ್ಕನನ್ನು ಕರೆಯುವುದು ‘ಇವಳೇ’ ಎಂದು, ಬೀದಿಯವರಿಗೆ ಅವಳು ‘ಹೆಡ್ ಕ್ಲಾರ್ಕ್ ಮನೆಯವರು’, ನನಗೆ ‘ಅಕ್ಕ’, ಮದುವೆಯಾಗಿ ಬೇರೆ ಊರಲ್ಲಿರುವ ಮಗಳಿಗೆ ‘ಅಮ್ಮ’. ಅಪ್ಪ ಅಮ್ಮ ಹೋದ ಮೇಲೆ ಆ ಹೆಸರನ್ನು ಬಾಯಿ ತುಂಬ ಕರೆದವರನ್ನು ನಾನು ಕಂಡಿಲ್ಲ. ಅದನ್ನು ಈಗ ಕೇಳಿದ್ದು ಈ ಹರಟೆಮಲ್ಲಿಯ ಬಾಯಲ್ಲಿ.

ಅಕ್ಕ ಒಲೆ ಆರಿಸಿದಳು. ಆಮೇಲೆ ಕೇಳಿದಳು: “ನೋಡೋಕೆ ಹೇಗಿದ್ದಾಳಂತೆ?”

“ನಮ್ಮನೆಯವ್ರು ನೋಡಿಲ್ಲ. ಆದ್ರೂ ಚೆನ್ನಾಗೇ ಇರ್ಬೇಕು ಬಿಡಿ. ಇಲ್ದಿದ್ರೆ ಈ ವಯಸ್ಸಲ್ಲಿ ಹೀಗೆ ಹಳ್ಳಕ್ಕೆ ಬೀಳ್ತಾರಾ?”

“ಚೆನ್ನಾಗಿದ್ಳು,” ಎಂದಳು ಅಕ್ಕ. “ಜಡೆ ಇಷ್ಟುದ್ದ ಇತ್ತು. ಕಣ್ಣು ಮುಚ್ಚಿಕೊಂಡು ಟೈಪ್ ಮಾಡ್ತಿದ್ಳು, ಒಂದು ತಪ್ಪು ಇರ್ತಿರ್ಲಿಲ್ಲ. ಇಡೀ ಕಚೇರಿಯಲ್ಲಿ ಅವಳ ಕೈಗೆ ಸಮ ಇರ್ಲಿಲ್ಲ.”

ಮಹಡಿಯಾಕೆ ನನ್ನ ಕಡೆ ನೋಡಿ, ಸದ್ದಾಗದಂತೆ ತುಟಿಯಲ್ಲೇ ‘ಡಾಕ್ಟರ್’ ಎಂದು, ಮೆಟ್ಟಿಲು ಹತ್ತಿ ಓಡಿದಳು. ಅವಳ ಹೆಜ್ಜೆಯ ಸದ್ದು ಅಡಗಿದ ಮೇಲೆ ಅಕ್ಕ ನಕ್ಕಳು. ನಗು ಕೆಮ್ಮಾಗಿ, ಕೆಮ್ಮು ಇನ್ನೇನೋ ಆಯಿತು.

“ಇವರಿಗೆ ನನ್ನ ಹೆಸರು ನೆನಪಿದೆಯಲ್ಲೋ,” ಎಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಆಟೋ ನಿಂತಿತು. ಭಾವನವರನ್ನು ಸಾಕಿ ಬೆಳೆಸಿದ ಸೋದರತ್ತೆ ಚೀಲ ಸಮೇತ ಇಳಿದರು. ಎಂಬತ್ತು ದಾಟಿದ ಜೀವ, ಧ್ವನಿಗೆ ಮಾತ್ರ ಮೂವತ್ತು. ಸುದ್ದಿ ಪಕ್ಕದ ಊರಿಗೂ ಮುಟ್ಟಿತ್ತು. ಅಷ್ಟರಲ್ಲಿ ಕಚೇರಿಯಿಂದ ಬಂದ ಭಾವನವರನ್ನು ಅವರು ಅಂಗಳದಲ್ಲೇ ತಡೆದು ನಿಲ್ಲಿಸಿದರು.

“ನಾನು ಬದುಕಿದೀನೋ ಸತ್ತಿದೀನೋ? ಇನ್ನೊಂದು ಮದುವೆ ಮಾಡ್ಕೊಳ್ಳೋನು ಮೊದಲು ನನಗೆ ಬಂದು ಹೇಳ್ಬೇಕು ತಾನೇ?”

“ಇನ್ನೊಂದಲ್ಲ ಅತ್ತೆ, ಅದೇ ಮದುವೆ.”

“ಅದೇ ಮದುವೇನ ಎರಡು ಸಲ ಮಾಡ್ಕೊಳ್ಳೋಕೆ ನೀನೇನು ರಾಜನಾ? ಮಾಡ್ಕೋ ಬೇಡ ಅನ್ನಲ್ಲ. ಕರೀಲಿಲ್ಲ ಅನ್ನೋದೇ ನನ್ನ ಹೊಟ್ಟೆಗೆ ಬೆಂಕಿ!”

ಅವತ್ತು ಅಕ್ಕ ಗಂಡನನ್ನು ಏನೂ ಕೇಳಲಿಲ್ಲ. ಭಾವನವರೂ ಏನೂ ಹೇಳಲಿಲ್ಲ. ಅತ್ತೆಯೊಬ್ಬರೇ ಇಬ್ಬರ ಪಾಲಿನದನ್ನೂ ಮಾತಾಡಿದರು.

ಗುರುವಾರ ಸಾಹೇಬರಿಂದ ಕರೆ ಬಂತು. ಹಾಲಿ ಹೆಂಡತಿ ಇರುವಾಗ ಮರುಮದುವೆಗೆ ಹೊರಟದ್ದು ದುರ್ನಡತೆ, ಕಾರಣ ಕೇಳಿ ನೋಟಿಸು ಯಾಕೆ ಕೊಡಬಾರದು ಎಂದು. ಭಾವನವರು ನನ್ನನ್ನು ‘ಹೆಣ್ಣಿನ ಕಡೆಯವರು’ ಎಂದು ಎಳೆದುಕೊಂಡು ಹೋದರು. ಸಾಹೇಬರು ಎಳೆ ವಯಸ್ಸಿನವರು. ಎದುರಿಗೆ ಟಿಪ್ಪಣಿಗಳಿಂದ ಉಬ್ಬಿದ ಕಡತವಿತ್ತು.

“ನಿಮ್ಮ ಹೆಂಡತಿ ಯಾರು?” ಎಂದರು.

“ಈ ಹುಡುಗೀನೇ ಸಾರ್.”

“ಹಾಗಾದ್ರೆ ಈ ಹುಡುಗಿ ಯಾರು?”

“ನನ್ನ ಹೆಂಡತೀನೇ ಸಾರ್.”

ಸಾಹೇಬರು ನೀರು ಕುಡಿದರು. ನಾನು ನಡುವೆ ಬಾಯಿ ಹಾಕಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಾರಿನ ಕಿಟಕಿ, ದಢೂತಿ ಸಾಹೇಬರು, ಕೊನೆಯ ಸಾಲು, ಎಲ್ಲ. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ತುಟಿ ನಡುಗಿತು, ಕೊನೆಗೆ ಗಾಂಭೀರ್ಯ ಕಾಪಾಡಲು ಕಿಟಕಿಯ ಕಡೆ ತಿರುಗಿದರು.

“ಸರಿ. ಮದುವೆ ಆಗಿ ಮೂವತ್ತು ವರ್ಷ ದಾಟಿದೆ. ಆದ್ರೂ ಇಲ್ಲಿ ‘ಇಚ್ಛಿಸುತ್ತೇನೆ’ ಅಂತ ಬರ್ದಿದ್ದೀರಲ್ಲ?”

“ಈಗ್ಲೂ ಇಚ್ಛಿಸ್ತೀನಿ ಸಾರ್,” ಎಂದರು ಭಾವನವರು, ಸ್ವಲ್ಪವೂ ನಗದೆ.

ಅಲ್ಲಿಯವರೆಗೂ ನಗು ತಡೆದುಕೊಂಡಿದ್ದ ನನಗೆ ಆಮೇಲೆ ನಗು ಬರಲಿಲ್ಲ. ಸಾಹೇಬರಿಗೂ ಬರಲಿಲ್ಲ. ಅವರು ತೆಪ್ಪಗೆ ಪೆನ್ನು ತೆಗೆದು, ಅನುಮತಿಸಿದೆ ಎಂದು ಬರೆದು ಸಹಿ ಹಾಕಲು ಹೊರಟರು.

“ಸಾರ್, ನಿಲ್ಲಿ!” ಭಾವನವರು ಮೇಜಿನ ಮೇಲೆ ಬಗ್ಗಿ ಅವರ ಕೈ ಹಿಡಿದುಕೊಂಡರು. “ಎರಡನೇ ಉಪನಿಯಮ ಇದೆ. ವಧು ಖುದ್ದಾಗಿ ಬಂದು ಮುಖ್ಯಸ್ಥರ ಎದುರಿಗೆ ಒಪ್ಪಿಗೆ ಹೇಳ್ಬೇಕು. ಇಲ್ದಿದ್ರೆ ಅನುಮತಿ ಊರ್ಜಿತ ಅಲ್ಲ.”

ಸಹಿ ಹಾಕುತ್ತಿದ್ದ ಅಧಿಕಾರಿಯ ಕೈಯನ್ನು ತನ್ನದೇ ಅರ್ಜಿಯ ವಿರುದ್ಧ ಹಿಡಿದು ನಿಲ್ಲಿಸಿದ ಗುಮಾಸ್ತ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿ, “ನಾಳೆ ಸಂಜೆ ಕಚೇರಿ ಮುಚ್ಚೋದ್ರೊಳಗೆ ಕರ್ಕೊಂಡು ಬನ್ನಿ,” ಎಂದರು.

ಹೀಗೆ ಭಾವನವರು ಕೊನೆಗೂ ಅಕ್ಕನ ಮುಂದೆ ಬಾಯಿ ಬಿಡಬೇಕಾಯಿತು. ಅಡುಗೆಮನೆಯ ಮಣೆಯ ಮೇಲೆ ಕೂತು, ನಿಯಮದಿಂದ ಶುರುಮಾಡಿ ಉಪನಿಯಮದವರೆಗೆ ಎಲ್ಲ ಹೇಳಿದರು. “ಒಂದು ಮಾತು. ‘ಒಪ್ಪಿಗೆ ಇದೆ’ ಅಂತ ಹೇಳಿದ್ರೆ ಆಯ್ತು,” ಎಂದರು.

ಅಕ್ಕ ಬೀನ್ಸ್ ಹೆಚ್ಚುತ್ತಿದ್ದಳು. “ಯೋಚನೆ ಮಾಡಿ ಹೇಳ್ತೀನಿ,” ಎಂದಳು.

“ಯೋಚನೆನಾ? ಏನು ಯೋಚನೆ?”

“ಮದುವೆ ವಿಷಯ ಅಲ್ವಾ? ಹೆಣ್ಣು ಯೋಚನೆ ಮಾಡ್ಬಾರ್ದಾ?”

ಭಾವನವರ ಮುಖ ನೋಡಬೇಕಿತ್ತು. ಅತ್ತೆ ಅಕ್ಕನ ಗಲ್ಲ ಹಿಡಿದು, “ಒಪ್ಕೊಳ್ಳೇ, ಹುಡುಗ ಒಳ್ಳೆಯವನು, ನಾನೇ ಸಾಕಿದ್ದು,” ಎಂದು ಶಿಫಾರಸು ಮಾಡಿದರು. ಅಕ್ಕ ಚಾಕು ಕೆಳಗಿಟ್ಟಳು.

“ರೀ, ನೀವು ಆವತ್ತು ಊಟದ ಮೇಜಿನ ಮೇಲೆ ಓದಿದ್ರಲ್ಲ, ನಿಮ್ಮ ನಿಯಮದ ಕೆಳಗೇ ಇನ್ನೊಂದಿತ್ತು. ಏನು ಹೇಳಿ?”

ಭಾವನವರಿಗೆ ನಿಯಮ ಮರೆಯುವುದುಂಟೇ? ಬಾಯಿಪಾಠ ಒಪ್ಪಿಸಿದರು. “‘ಮಹಿಳಾ ನೌಕರರು ವಿವಾಹವಾದ ದಿನದಿಂದ ಸೇವೆಯನ್ನು ಬಿಟ್ಟಂತೆ ಭಾವಿಸತಕ್ಕದ್ದು.’” ಹೇಳುತ್ತ ಹೇಳುತ್ತ ಅವರ ಧ್ವನಿ ಇಳಿಯಿತು. “ಅದೂ ಹೋಗ್ತಾ ಇದೆ,” ಎಂದರು.

“ಹೋಗ್ತಿರೋದು ನಿಮಗೆ ಕಾಣಿಸ್ಲಿಲ್ಲ. ಓದಿ ಮುಂದಕ್ಕೆ ಹೋದ್ರಿ. ಕುದುರೆ ಹೋಗಿದ್ದಕ್ಕೆ ಮಾತ್ರ ಅತ್ರಿ.”

ಅತ್ತೆಯೂ ಮಾತಾಡಲಿಲ್ಲ, ಅದೇ ಒಂದು ದಾಖಲೆ.

“ಕಿಟಕಿ ಪಕ್ಕದ ಮೆಷಿನ್ ನಂದು,” ಎಂದಳು ಅಕ್ಕ. ಕೋಪದಿಂದಲ್ಲ, ಬೇರೆ ಯಾರದೋ ವಿಷಯ ಹೇಳುವವಳಂತೆ. “ಕಾರ್ಬನ್ನಿನ ಮಸಿ ಬೆರಳಿಂದ ಹೋಗ್ತಾನೇ ಇರ್ಲಿಲ್ಲ. ಸಂಜೆ ಮನೆಗೆ ಹೋದ್ರೆ ಅಪ್ಪ ಆ ಬೆರಳು ನೋಡಿ ನಗೋರು, ನನ್ನ ಮಗಳು ಸರ್ಕಾರಾನ ಮುಟ್ಟಿ ಬಂದಿದಾಳೆ ಅಂತ. ಇವರು ದಿನಾ ಒಂದು ಕಾಗದ ಹಿಡ್ಕೊಂಡು ಬರೋರು. ‘ಇಲ್ಲಿ ಅಂಚು ಸರಿಯಿಲ್ಲ, ಇನ್ನೊಂದು ಸಲ ಟೈಪ್ ಮಾಡಿ’ ಅಂತ. ಅಂಚು ಸರಿಯಾಗೇ ಇರೋದು. ನಾನು ಮಾಡ್ಕೊಡ್ತಿದ್ದೆ.”

“ಒಂದೆರಡು ಸಲ ಸರಿಯಿರ್ಲಿಲ್ಲ,” ಎಂದರು ಭಾವನವರು ಮೆಲ್ಲಗೆ.

“ಯಾವತ್ತೂ ಸರಿಯಾಗೇ ಇತ್ತು. ಮದುವೆ ಹಿಂದಿನ ದಿನ ಸಂಜೆ ಮೆಷಿನ್ನಿಗೆ ಹೊದಿಕೆ ಹಾಕಿ ಎದ್ದು ಬಂದೆ. ನಿಮ್ಮಪ್ಪ, ನಮ್ಮಪ್ಪ, ಕಚೇರಿ, ಎಲ್ಲರೂ ಅವರವರೇ ಮಾತಾಡ್ಕೊಂಡ್ರು. ಕೆಲಸ ಬಿಡ್ತೀಯಾ ಅಂತ ಒಬ್ಬರೂ ಕೇಳ್ಲಿಲ್ಲ. ಮದುವೆ ಆಗ್ತೀಯಾ ಅಂತ ನೀವೂ ಕೇಳ್ಲಿಲ್ಲ. ಈಗ ಸರ್ಕಾರ ಕೇಳ್ತಿದೆ. ಯೋಚನೆ ಮಾಡ್ಬೇಡ್ವಾ?”

ಶುಕ್ರವಾರ ಆ ಕಚೇರಿಯಲ್ಲಿ ಒಂದು ಕಡತವೂ ಅಲುಗಲಿಲ್ಲ. ಸಾಹೇಬರ ಕೋಣೆಯ ಬಾಗಿಲಲ್ಲಿ ಯಾರ‍್ಯಾರಿಗೋ ಏನೇನೋ ಸಹಿ ಬೇಕಾಗಿತ್ತು. ಟಪಾಲು ಗುಮಾಸ್ತನ ಹೆಂಡತಿ ಗಂಡನಿಗೆ ಊಟದ ಡಬ್ಬಿ ಕೊಡುವ ನೆಪದಲ್ಲಿ ಸಂಜೆ ಬಂದಿದ್ದಳು. ಭಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೂಲೆಯಲ್ಲಿ ನಿಂತು ಬೆವರುತ್ತಿದ್ದರು. ಹೊತ್ತು ಇಳಿಯಿತು, ಅಕ್ಕ ಬರಲಿಲ್ಲ. ಜವಾನ ಕಿಟಕಿಗಳನ್ನು ಮುಚ್ಚಲು ಶುರುಮಾಡಿದ. ಭಾವನವರು ನನ್ನ ಕೈ ಹಿಡಿದುಕೊಂಡು, “ಅವಳು ಬರಲ್ಲ ಕಣಯ್ಯಾ,” ಎಂದರು. ಆ ಹೊತ್ತಿಗೆ ಅವರು ಹೆದರಿದ್ದು ನಿಯಮಕ್ಕಲ್ಲ, ಅಕ್ಕ ಬಾರದೆಹೋದಾಳು ಎಂದು.

ಆಗ ಪಡಸಾಲೆಯಲ್ಲಿ ಅಕ್ಕ ಕಂಡಳು. ಜೊತೆಗೆ ಕೋಲೂರಿಕೊಂಡು ಅತ್ತೆ. ಅಕ್ಕ ನೆಟ್ಟಗೆ ಬರಲಿಲ್ಲ. ಹಿಂದಿನ ಹಜಾರಕ್ಕೆ ಹೋಗಿ, ಕಂಪ್ಯೂಟರುಗಳ ನಡುವೆ ಸ್ವಲ್ಪ ಹೊತ್ತು ನಿಂತು, ಕಿಟಕಿಯಿಂದ ಹೊರಗೆ ನೋಡಿ ಬಂದಳು. ಸಾಹೇಬರು ಎದ್ದು ನಿಂತರು.

“ಕೂತ್ಕೊಳ್ಳಿ ಅಮ್ಮಾ. ಒಂದೇ ಪ್ರಶ್ನೆ. ಇವರನ್ನ ಮದುವೆ ಆಗೋಕೆ ನಿಮ್ಮ ಒಪ್ಪಿಗೆ ಇದೆಯಾ?”

“ಇಲ್ಲ,” ಎಂದಳು ಅಕ್ಕ.

ಬಾಗಿಲಲ್ಲಿ ಡಬ್ಬಿ ಬಿದ್ದ ಸದ್ದಾಯಿತು. ಭಾವನವರು ಗೋಡೆ ಹಿಡಿದುಕೊಂಡರು.

“ಈ ನಿಯಮದ ಕೆಳಗೆ ಇಲ್ಲ ಸಾರ್,” ಎಂದು ಅಕ್ಕ ಮಾತು ಮುಂದುವರಿಸಿದಳು. “ಮೇಲಿನ ನಿಯಮದಲ್ಲಿ ಇವರಿಗೆ ಅನುಮತಿ ಸಿಗುತ್ತೆ, ಕೆಳಗಿನದ್ರಲ್ಲಿ ನನ್ನನ್ನ ಮನೆಗೆ ಕಳಿಸ್ತೀರಿ. ಒಂದು ಸಲ ಹೋಗಿದೀನಿ. ಎರಡನೇ ಸಲ ಹೋಗಲ್ಲ. ಎರಡೂ ಇನ್ನೇನು ಸಾಯ್ತವಲ್ಲ? ಸಾಯ್ಲಿ, ಕಾಯ್ತೀನಿ,” ಎಂದು ಕುರ್ಚಿಯಲ್ಲಿ ಕೂತಳು.

“ಸತ್ತ ಮೇಲೆ ಕೇಳೋ ಅಧಿಕಾರ ಯಾರಿಗೂ ಇರಲ್ಲ ಕಣೇ!” ಎಂದು ಭಾವನವರು ಹೆಚ್ಚುಕಡಿಮೆ ಕೂಗಿದರು. “ಸಾಹೇಬ್ರಿಗೂ ಇರಲ್ಲ!”

“ಗೊತ್ತು. ಅದಕ್ಕೇ ನೀವೇ ಕೇಳ್ಬೇಕಾಗುತ್ತೆ.”

ಕಾದೆವು. ಜವಾನ ಗಂಟೆ ಬಾರಿಸಿದ. ಮನೆಗೆ ಹೋಗಲು ಒಬ್ಬರೂ ಚೀಲ ಎತ್ತಲಿಲ್ಲ. ಸಾಹೇಬರು ಅರ್ಜಿಯನ್ನು ಮಡಿಸಿ, “ಇನ್ನು ನನ್ನ ಕೈಲಿ ಏನೂ ಇಲ್ಲ ಸ್ವಾಮಿ,” ಎಂದು ಭಾವನವರ ಕೈಗೆ ಕೊಟ್ಟರು.

ಭಾವನವರು ಅಕ್ಕನ ಮುಂದೆ ಬಂದು ನಿಂತರು. ಬಾಯಿ ತೆರೆದರು, ಮುಚ್ಚಿದರು. ಇಡೀ ಜೀವಮಾನ ಬೇರೆಯವರು ಬರೆದಿಟ್ಟ ಮಾತನ್ನೇ ಆಡಿದ ಮನುಷ್ಯ. ಇಲ್ಲಿ ನಮೂನೆ ಇರಲಿಲ್ಲ. ಕೊನೆಗೆ ಅಕ್ಕನ ಹೆಸರು ಹಿಡಿದು ಕರೆದರು, ತವರಿನ ಹೆಸರು. ಆಮೇಲೆ ಕೇಳಿದರು:

“ನನ್ನನ್ನ ಮದುವೆ ಆಗ್ತೀಯಾ? ಆವತ್ತು ಕೇಳ್ಬೇಕಾಗಿತ್ತು. ಕೆಲಸದ ವಿಷಯಾನೂ ಕೇಳ್ಬೇಕಾಗಿತ್ತು. ಕೇಳ್ಲಿಲ್ಲ. ಅಂಚು ಯಾವತ್ತೂ ಸರಿಯಾಗೇ ಇತ್ತು.”

ಅಕ್ಕ ಅವರನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತ್ತು, ನನ್ನದೂ ತುಂಬಿತ್ತು. ಯಾರಿಗೂ ಮುಚ್ಚಿಡಬೇಕು ಅನ್ನಿಸಲಿಲ್ಲ.

“ಆಗ್ತೀನಿ,” ಎಂದಳು. “ಬನ್ನಿ, ಮನೆಗೆ ಹೋಗೋಣ.”

ಇಬ್ಬರೂ ಪಡಸಾಲೆಯುದ್ದಕ್ಕೂ ಜೊತೆಯಾಗಿ ನಡೆದುಹೋದರು. ಟಪಾಲು ಗುಮಾಸ್ತನ ಹೆಂಡತಿ ಇನ್ನೂ ಏನೂ ಅರ್ಥವಾಗದೆ, ಹಾಗಾದರೆ ಆ ಹುಡುಗಿಯ ಗತಿ ಏನು ಎಂದು ಎಲ್ಲರನ್ನೂ ಕೇಳುತ್ತಿದ್ದಳು.

ಶನಿವಾರ ಭಾವನವರು ಸೇವೆಗೆ ಸೇರಿದ ಮೇಲೆ ಮೊದಲ ಬಾರಿ ಕಚೇರಿಗೆ ತಡವಾಗಿ ಹೋದರಂತೆ. ತಡವಾದದ್ದಕ್ಕೆ ಕಾರಣ ಬರೆಯುವ ಕಡೆ, ದುಂಡು ಅಕ್ಷರದಲ್ಲಿ, ‘ಹೊಸದಾಗಿ ಮದುವೆಯಾಗಿದೆ’ ಎಂದು ಬರೆದರಂತೆ. ಸಾಹೇಬರು ಒಂದು ಪ್ರಶ್ನೆಯನ್ನೂ ಕೇಳದೆ ಸಹಿ ಹಾಕಿದರಂತೆ.